ತುಂಬಿ ನಿಂತ ಬ್ಯಾಟರಿ

ಭಟ್ಕಳದಲ್ಲಿ ಬೀಗ ಹಾಕಿದ ಮನೆಗಳು ಬಹಳ. ದುಡಿಯುವವರು ಕೊಲ್ಲಿ ದೇಶಗಳಲ್ಲಿ, ಮಕ್ಕಳು ಅಲ್ಲಿಯ ಶಾಲೆಗಳಲ್ಲಿ. ಹಬ್ಬಕ್ಕೋ ರಜೆಗೋ ಬಂದಾಗ ಒಂದೆರಡು ತಿಂಗಳು ಕಿಟಕಿಗಳು ತೆರೆಯುತ್ತವೆ, ಆಮೇಲೆ ಮತ್ತೆ ಬೀಗ. ಒಂದು ಮೇ ತಿಂಗಳ ಕೊನೆಯಲ್ಲಿ, ಅಂಥ ಮನೆಯ ಗೆಳೆಯನೊಬ್ಬ ಹೊರಡುವ ಹಿಂದಿನ ದಿನ, ಅವನನ್ನು ನೋಡಲು ಹೊನ್ನಾವರದಿಂದ ಹೋಗಿದ್ದೆ. ಮನೆಯ ಹಿಂಬದಿ ತಗಡಿನ ಶೆಡ್ಡಿನಲ್ಲಿ ಅವನ ಎಲೆಕ್ಟ್ರಿಕ್ ಕಾರು ಚಾರ್ಜಿಗೆ ನಿಂತಿತ್ತು. ಗೇಜಿನಲ್ಲಿ 93.

"100 ಆದಕೂಡಲೇ ತೆಗೆದು ಬೀಗ ಹಾಕ್ತೆ. ಇನ್ನು ಬರೋದು ಎಂಟು ತಿಂಗಳ ಮೇಲೆ" ಎಂದ.

ಅರ್ಧಕ್ಕೆ ಇಳಿಸಿ ನಿಲ್ಲಿಸು ಎಂದು ನಾನು ಹೇಳಿದಾಗ ಅವನಿಗೆ ನಂಬಿಕೆ ಬರಲಿಲ್ಲ. ಜಗಲಿಯ ಮೂಲೆಯಲ್ಲಿದ್ದ ಇನ್ವರ್ಟರಿನ ಕಡೆ ಕೈ ತೋರಿಸಿದ. "ಅಲ್ಲ ಮಾರಾಯ, ಅದನ್ನು ಖಾಲಿ ಬಿಡಬೇಡ, ಸತ್ತುಹೋಗ್ತದೆ ಅಂದವನೂ ನೀನೇ. ಈಗ ಇದನ್ನು ಫುಲ್ ಇಡಬೇಡ ಅಂತೀಯ. ಎರಡೂ ಬ್ಯಾಟರಿಯೇ ಅಲ್ವ?"

ಅವನ ಪ್ರಶ್ನೆ ನ್ಯಾಯದ್ದು. ಎರಡೂ ಬ್ಯಾಟರಿಯೇ. ಒಂದಕ್ಕೆ ಅಮೃತವಾದದ್ದು ಇನ್ನೊಂದಕ್ಕೆ ನಂಜಾಗುವುದು ಹೇಗೆ?

ಹಳೆಯ ಬ್ಯಾಟರಿಗಳು ಕಲಿಸಿದ ಪಾಠ

ಬ್ಯಾಟರಿಯ ಬಗ್ಗೆ ನಮಗಿರುವ ತಿಳಿವಳಿಕೆಯೆಲ್ಲ ಬೇರೆ ಬೇರೆ ಬ್ಯಾಟರಿಗಳಿಂದ ಬಂದದ್ದು. ಇನ್ವರ್ಟರಿನಲ್ಲಿರುವುದು ಸೀಸ ಮತ್ತು ಆಮ್ಲ. ಅದು ಖಾಲಿಯಾಗುತ್ತ ಹೋದಂತೆ ಸೀಸದ ಹಲಗೆಗಳ ಮೇಲೆ ಗಂಧಕದ ಉಪ್ಪು ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ, ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಕಲ್ಲಾಗುತ್ತದೆ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ನಮ್ಮ ಕಡೆ ಇದು ಎಲ್ಲರಿಗೂ ಅನುಭವದಿಂದ ಗೊತ್ತು. ಬೆಂಗಳೂರಿನ ರೇವಾ ಕಾರು 2001ರಲ್ಲಿ ರಸ್ತೆಗಿಳಿದಾಗ ಅದರಲ್ಲಿದ್ದದ್ದೂ ಈ ಸೀಸದ ಬ್ಯಾಟರಿಯೇ. ಅದರ ಮಾಲೀಕರಿಗೆ 'ತುಂಬಿಯೇ ಇಡಿ' ಎಂಬುದು ಸರಿಯಾದ ಬುದ್ಧಿಮಾತು.

ಹಳೆಯ ಕಾರ್ಡ್‌ಲೆಸ್ ಫೋನು, ಮೊದಮೊದಲಿನ ಮೊಬೈಲುಗಳಲ್ಲಿ ನಿಕಲ್ ಬ್ಯಾಟರಿ ಇರುತ್ತಿತ್ತು. ಅರ್ಧದಲ್ಲೇ ಚಾರ್ಜಿಗೆ ಇಟ್ಟರೆ ಆ ಅರ್ಧವನ್ನೇ ನೆನಪಿಟ್ಟುಕೊಳ್ಳುತ್ತದೆ, ಪೂರ್ತಿ ಖಾಲಿ ಮಾಡಿಯೇ ತುಂಬಬೇಕು ಎಂಬ ಮಾತು ಅಲ್ಲಿಂದ ಬಂತು. ಆ ಬ್ಯಾಟರಿ ಮರೆಯಾಗಿ ಎಷ್ಟೋ ವರ್ಷವಾದರೂ ಮಾತು ಉಳಿದುಕೊಂಡಿದೆ.

ಕಾರಿನಲ್ಲಿರುವುದು ಮೂರನೆಯ ಜಾತಿ, ಲಿಥಿಯಂ. ಇನ್ವರ್ಟರಿನ ಪಾಠವಾಗಲಿ ಹಳೆಯ ಮೊಬೈಲಿನ ಪಾಠವಾಗಲಿ ಇದಕ್ಕೆ ಹೊಂದುವುದಿಲ್ಲ.

ತಾರಿ ದಾಟುವ ಲಿಥಿಯಂ

ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಆಗುವ ಮೊದಲು ಕಾಸರಕೋಡಿಗೂ ಪೇಟೆಗೂ ನಡುವೆ ತಾರಿ ಓಡುತ್ತಿತ್ತು. ಬ್ಯಾಟರಿಯ ಒಂದೊಂದು ಕೋಶವನ್ನೂ ಹಾಗೆ ಊಹಿಸಿಕೊಳ್ಳಿ. ಆಚೆ ದಡ ಲೋಹದ ಆಕ್ಸೈಡಿನದು. ಈಚೆ ದಡ ಗ್ರಾಫೈಟಿನದು, ಅಂದರೆ ಪೆನ್ಸಿಲ್ ಕಡ್ಡಿಯಲ್ಲಿರುವ ಆ ಕಪ್ಪು ಇಂಗಾಲ. ನಡುವೆ ಹೊಳೆಯಂತೆ ಒಂದು ದ್ರಾವಣ. ದಾಟುವ ಜನ ಲಿಥಿಯಂ ಅಯಾನುಗಳು. ಚಾರ್ಜಿಗೆ ಹಾಕಿದಾಗ ಅವು ಆಚೆ ದಡದಿಂದ ಹೊರಟು ಗ್ರಾಫೈಟಿನ ಪದರಗಳ ನಡುವೆ ಬಂದು ಕೂರುತ್ತವೆ. ಕಾರು ಓಡುವಾಗ ಮರಳಿ ಆಚೆ ಹೋಗುತ್ತವೆ.

ಪ್ರತಿಯೊಂದು ಅಯಾನಿನ ಜೊತೆಗಾರನಾಗಿ ಒಂದು ಎಲೆಕ್ಟ್ರಾನು ಇರುತ್ತದೆ. ಅದಕ್ಕೆ ತಾರಿಯಲ್ಲಿ ಜಾಗವಿಲ್ಲ. ತಂತಿಯ ದಾರಿ ಹಿಡಿದು ಸುತ್ತಿಕೊಂಡೇ ಬರಬೇಕು. ಆ ಸುತ್ತುದಾರಿಯಲ್ಲಿ ನಾವು ಕಾರಿನ ಮೋಟರನ್ನು ಇಟ್ಟಿದ್ದೇವೆ. ವಿಷಯ ಇಷ್ಟೇ. ಇದನ್ನು ಸಾಧ್ಯ ಮಾಡಿದ ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅಷ್ಟರಲ್ಲಿ ಸೋನಿ ಕಂಪನಿ ಇಂಥ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದು 28 ವರ್ಷ ಆಗಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ದಾಟುವ ಜನರ ಸಂಖ್ಯೆ ಕಾರ್ಖಾನೆಯಲ್ಲೇ ನಿಗದಿಯಾದದ್ದು. ಹೊಸಬರು ಬಂದು ಸೇರಿಕೊಳ್ಳುವುದಿಲ್ಲ. ನಾವು ಚಾರ್ಜರಿನಿಂದ ತುಂಬುವುದು ಲಿಥಿಯಮ್ಮನ್ನು ಅಲ್ಲವೇ ಅಲ್ಲ, ಇದ್ದ ಲಿಥಿಯಮ್ಮನ್ನು ಈಚೆ ದಡಕ್ಕೆ ದೂಡುತ್ತೇವೆ. ಹಾಗಾಗಿ ಯಾವುದಾದರೂ ಅಯಾನು ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಅಷ್ಟು ಕಿಲೋಮೀಟರು ಶಾಶ್ವತವಾಗಿ ಹೋಯಿತು. ಬ್ಯಾಟರಿಗೆ ವಯಸ್ಸಾಗುವುದು ಎಂದರೆ ಬಹುಮಟ್ಟಿಗೆ ಇದೇ.

ಕಾವಲಿಯ ಮೇಲಿನ ಪದರ

ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ? ಅದನ್ನು ತಿಳಿಯಲು ಅಡುಗೆಮನೆಗೆ ಹೋಗೋಣ.

ಹೊಸ ಕಬ್ಬಿಣದ ಕಾವಲಿಯಲ್ಲಿ ಮೊದಲ ದೋಸೆ ಏಳುವುದಿಲ್ಲ. ಎಣ್ಣೆ ಸವರಿ, ಈರುಳ್ಳಿ ಹೋಳಿನಿಂದ ಉಜ್ಜಿ, ಕಾಯಿಸಿ ಆರಿಸಿ ಪಳಗಿಸಬೇಕು. ಕಾದ ಕಬ್ಬಿಣಕ್ಕೆ ತಾಗಿದ ಎಣ್ಣೆ ಸುಟ್ಟು ತೆಳ್ಳಗಿನ ಕಪ್ಪು ಪದರವಾಗುತ್ತದೆ. ಆಮೇಲೆ ಆ ಪದರವೇ ಕಾವಲಿಯನ್ನು ಕಾಯುತ್ತದೆ, ದೋಸೆಯನ್ನು ಬಿಡಿಸಿಕೊಡುತ್ತದೆ.

ಬ್ಯಾಟರಿಯ ಒಳಗೆ ನಡೆಯುವುದೂ ಇದೇ ರೀತಿ. ಲಿಥಿಯಂ ತುಂಬಿಕೊಂಡ ಗ್ರಾಫೈಟಿಗೆ ತಾಗಿದ ದ್ರಾವಣ ತಾಳಿಕೊಳ್ಳಲಾರದೆ ಒಡೆಯುತ್ತದೆ. ಒಡೆದ ಚೂರುಗಳು ಲಿಥಿಯಂ ಜೊತೆ ಸೇರಿ ಗ್ರಾಫೈಟಿನ ಮೈಮೇಲೆ ಪದರವಾಗಿ ಕೂರುತ್ತವೆ. ಇಂಗ್ಲಿಷಿನವರು ಎಸ್‌ಇಐ ಎಂಬ ಮೂರಕ್ಷರದಿಂದ ಕರೆಯುವ ಇದನ್ನು ನಾವು 'ಕಾವಲು ಪದರ' ಎನ್ನೋಣ. ಕಾರ್ಖಾನೆಯಲ್ಲಿ ಮೊದಲ ಸಲ ಚಾರ್ಜ್ ಮಾಡುವಾಗಲೇ, ತುಂಬ ನಿಧಾನವಾಗಿ, ಈ ಪದರವನ್ನು ಪಳಗಿಸಿ ಕಳಿಸುತ್ತಾರೆ. ಅದಿಲ್ಲದಿದ್ದರೆ ದ್ರಾವಣ ಒಡೆಯುತ್ತಲೇ ಹೋಗಿ ಬ್ಯಾಟರಿ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತಿತ್ತು.

ತೊಂದರೆ ಏನೆಂದರೆ ಪದರದ ಬೆಳವಣಿಗೆ ಪೂರ್ತಿ ನಿಲ್ಲುವುದಿಲ್ಲ. ಸಣ್ಣ ಸಣ್ಣ ಸೀಳುಗಳಲ್ಲಿ ದ್ರಾವಣ ಒಸರಿ ಒಳಗಿನ ಗ್ರಾಫೈಟನ್ನು ಮುಟ್ಟುತ್ತಲೇ ಇರುತ್ತದೆ. ಹಾಗೆ ಮುಟ್ಟಿದಾಗೆಲ್ಲ ಇನ್ನಷ್ಟು ಪದರ, ಅದರೊಳಗೆ ಇನ್ನಷ್ಟು ಲಿಥಿಯಂ ಬಂದಿ. ದಪ್ಪವಾದಷ್ಟೂ ಒಸರುವುದು ಕಷ್ಟವಾಗುವುದರಿಂದ ಬೆಳವಣಿಗೆಯ ವೇಗ ಬರಬರುತ್ತ ಇಳಿಯುತ್ತದೆ. ಮೊದಲ ವರ್ಷ ಕಾರಿನ ಓಟ ಸ್ವಲ್ಪ ಹೆಚ್ಚೇ ಕುಗ್ಗಿತೆಂದು ಹೆದರುವವರನ್ನು ಕಂಡಿದ್ದೇನೆ. ಅದೇ ದರದಲ್ಲಿ ಮುಂದಿನ ವರ್ಷಗಳ ಲೆಕ್ಕ ಹಾಕಬೇಕಾಗಿಲ್ಲ.

ಇನ್ನೊಂದು ಕಾರಣ ಸಟ್ಟುಗ. ಪಳಗಿದ ಕಾವಲಿಯನ್ನು ಚೂಪು ಸಟ್ಟುಗದಿಂದ ಕೆರೆದರೆ ಹೊಸ ಕಬ್ಬಿಣ ಹೊರಬಿದ್ದು ಮತ್ತೆ ಎಣ್ಣೆ ಕುಡಿಯುತ್ತದೆ. ಖಾಲಿಯಿಂದ ಪೂರ್ತಿ ತುಂಬುವಷ್ಟರಲ್ಲಿ ಗ್ರಾಫೈಟ್ ಶೇಕಡಾ 10ರಷ್ಟು ಉಬ್ಬುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಮೈ ಉಬ್ಬಿ ಕುಗ್ಗಿದಂತೆ ಮೇಲಿನ ಪದರ ಬಿರಿಯುತ್ತದೆ. 100ರಿಂದ 0ಗೆ ಇಳಿಸಿ ಮತ್ತೆ ತುಂಬುವುದು ದೊಡ್ಡ ಕೆರೆತ. 80ರಿಂದ 40ಕ್ಕೆ ಇಳಿಸಿ ತುಂಬುವುದು ಚಿಕ್ಕದು. ಹಾಗಾಗಿ 'ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಿ' ಎಂಬ ಹಳೆಯ ಮೊಬೈಲಿನ ಪಾಠ ಇಲ್ಲಿ ನಷ್ಟದ್ದು. ದಿನಾ ಸ್ವಲ್ಪ ಸ್ವಲ್ಪ ತುಂಬುವುದೇ ಲೇಸು.

ಸೆಕೆ ಮತ್ತು ಹೊಟ್ಟೆತುಂಬ

ಪದರ ಬೇಗ ಬೆಳೆಯುವುದು ಯಾವಾಗ? ಬ್ಯಾಟರಿ ಬಿಸಿಯಾಗಿದ್ದಾಗ, ಮತ್ತು ತುಂಬಿ ನಿಂತಾಗ.

ಬಿಸಿಯ ಸಂಗತಿ ದೋಸೆಹಿಟ್ಟು ಕಡೆಯುವವರಿಗೆ ಹೇಳಿಕೊಡಬೇಕಿಲ್ಲ. ಡಿಸೆಂಬರಿನಲ್ಲಿ ಬೆಳಗಿನವರೆಗೆ ಕಾದರೂ ಉಬ್ಬದ ಹಿಟ್ಟು ಏಪ್ರಿಲಿನಲ್ಲಿ ನಡುರಾತ್ರಿಗೇ ಹುಳಿಯಾಗಿರುತ್ತದೆ. ಬೇಡದ ರಾಸಾಯನಿಕ ಕ್ರಿಯೆಗಳೂ ಹಾಗೆಯೇ, ಪ್ರತಿ 10 ಡಿಗ್ರಿ ಏರಿದಾಗ ಅವುಗಳ ವೇಗ ಹತ್ತಿರಹತ್ತಿರ ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಸ್ಥೂಲ ಲೆಕ್ಕ. ಅಮೆರಿಕದ ಅರಿಝೋನಾ ಮರುಭೂಮಿಯಲ್ಲಿ ನಿಸಾನ್ ಲೀಫ್ ಕಾರು ಕೊಂಡವರು ಇದನ್ನು 2012ರ ಬೇಸಿಗೆಯಲ್ಲಿ ಕಂಡರು. ಒಂದೆರಡು ವರ್ಷದ ಹೊಸ ಕಾರುಗಳ ಬ್ಯಾಟರಿಯ ಅಳತೆಗೆರೆಗಳು ಒಂದೊಂದಾಗಿ ಆರತೊಡಗಿದವು. ಆ ಕಾರಿನ ಬ್ಯಾಟರಿಗೆ ತಂಪು ನೀರು ಹರಿಸುವ ಏರ್ಪಾಡು ಇರಲಿಲ್ಲ. ಕಂಪನಿ ಕೊನೆಗೆ ಬ್ಯಾಟರಿಯ ಶಕ್ತಿ ಕುಗ್ಗುವುದಕ್ಕೂ ವಾರಂಟಿ ಕೊಡಬೇಕಾಯಿತು.

ನಮ್ಮ ಕರಾವಳಿಯಲ್ಲಿ ಅಂಥ ಸುಡುಬಿಸಿಲಿಲ್ಲ ನಿಜ. ಆದರೆ ನಮ್ಮಲ್ಲಿ ರಾತ್ರಿ ತಣಿಯುವುದಿಲ್ಲ. ಘಟ್ಟದ ಮೇಲಿನ ಶಿರಸಿಯಲ್ಲಿ ಕಂಬಳಿ ಹೊದೆಯುವ ಹೊತ್ತಿಗೆ ಕುಮಟೆಯಲ್ಲಿ ಫ್ಯಾನು ತಿರುಗುತ್ತಿರುತ್ತದೆ. ನೂರಾರು ಕಿಲೋ ತೂಗುವ ಬ್ಯಾಟರಿ ಬೇಗ ಕಾಯುವುದೂ ಇಲ್ಲ, ಬೇಗ ಆರುವುದೂ ಇಲ್ಲ. ಅದಕ್ಕೆ ಲೆಕ್ಕಕ್ಕೆ ಬರುವುದು ಮಧ್ಯಾಹ್ನದ ಒಂದು ಗಂಟೆಗಿಂತ ಇಡೀ ವರ್ಷದ ಸರಾಸರಿ. ಬಿಸಿಲಿಗೆ ಕಾದ ತಗಡಿನ ಶೆಡ್ಡಿಗಿಂತ ಹಲಸಿನ ಮರದ ನೆರಳು ಮೇಲು ಎನ್ನುವುದು ಇದಕ್ಕೇ. ಉಪ್ಪುಗಾಳಿ ಬ್ಯಾಟರಿಯನ್ನು ತಿನ್ನುತ್ತದೆಂದು ಕೆಲವರು ಅಂಜುತ್ತಾರೆ. ಬ್ಯಾಟರಿಯ ಪೆಟ್ಟಿಗೆ ಭದ್ರವಾಗಿ ಮುಚ್ಚಿದ್ದು, ಗಾಳಿ ಒಳಹೋಗದು. ಉಪ್ಪುಗಾಳಿ ತಿನ್ನುವುದು ಗೋಡೆಯ ಪ್ಲಗ್ಗನ್ನು. ನನ್ನ ಮನೆಯ 15 ಆಂಪಿಯರ್ ಪ್ಲಗ್ಗಿನ ಹಿತ್ತಾಳೆ ಪಿನ್ನು ಒಂದೇ ಮಳೆಗಾಲದಲ್ಲಿ ಹಸಿರುಗಟ್ಟಿತ್ತು, ಸಾಕೆಟ್ಟಿನ ಒಂದು ತೂತಿನ ಸುತ್ತ ಬೀಡಿ ತಾಗಿಸಿದಂತೆ ಕಂದು ಸುಟ್ಟಗುರುತು. ಸಡಿಲ ಪಿನ್ನು ಆರು ತಾಸು ಕರೆಂಟು ಎಳೆದರೆ ಹಾಗಾಗುತ್ತದೆ. ತಿಂಗಳಿಗೊಮ್ಮೆ ಕೈಯಿಂದ ಮುಟ್ಟಿ ನೋಡಿ. ಪ್ಲಗ್ಗು ಬಿಸಿಯಾಗಿದ್ದರೆ ಇಲೆಕ್ಟ್ರೀಷಿಯನ್ನರನ್ನು ಕರೆಸಿ ಬದಲಿಸಿ.

ಇನ್ನು ತುಂಬಿ ನಿಲ್ಲುವುದು. ತಾರಿಯ ಮಾತಿಗೆ ಮರಳಿದರೆ, 100 ಎಂದರೆ ಬಹುಪಾಲು ಜನರನ್ನು ಈಚೆ ದಡದಲ್ಲಿ ಒತ್ತಿ ಕೂರಿಸಿದಂತೆ. ಅಲ್ಲಿ ನೂಕುನುಗ್ಗಲು, ಆಚೆ ದಡದಲ್ಲಿ ಬಿಕೋ. ಮರಳಿ ಹೋಗಬೇಕೆಂಬ ಸೆಳೆತ ಜೋರಾಗಿರುತ್ತದೆ. ಆ ಸೆಳೆತವೇ ವೋಲ್ಟೇಜು. ನಿಕಲ್ ಬಳಸುವ ಲಿಥಿಯಂ ಕೋಶವೊಂದು ಅರ್ಧ ತುಂಬಿದಾಗ ಸುಮಾರು 3.7 ವೋಲ್ಟ್ ಇದ್ದರೆ ಪೂರ್ತಿ ತುಂಬಿದಾಗ 4.2. ಅರ್ಧ ವೋಲ್ಟಿನ ಅಂತರ ನಮಗೆ ಕ್ಷುಲ್ಲಕ, ದ್ರಾವಣಕ್ಕೆ ದೊಡ್ಡದು. ಒಂದು ದಡ ಅದರೊಳಕ್ಕೆ ಎಲೆಕ್ಟ್ರಾನನ್ನು ತುರುಕುತ್ತದೆ, ಇನ್ನೊಂದು ದಡ ಕಿತ್ತುಕೊಳ್ಳುತ್ತದೆ. ದ್ರಾವಣ ಎರಡೂ ಕಡೆ ಸವೆಯುತ್ತದೆ.

ಆದ್ದರಿಂದ 100ಕ್ಕೆ ಮುಟ್ಟುವುದು ತಪ್ಪಲ್ಲ. 100ರಲ್ಲಿ ಸೆಕೆಯೊಳಗೆ ನಿಂತೇ ಇರುವುದು ಬ್ಯಾಟರಿಗೆ ಭಾರ. ನನ್ನ ಅನಿಸಿಕೆಯಲ್ಲಿ ಇಡೀ ವಿಷಯದ ತಿರುಳು ಈ ಒಂದು ವ್ಯತ್ಯಾಸದಲ್ಲಿದೆ. ಕಾರು ಓಡಿಸುವುದಕ್ಕಿಂತ ನಿಲ್ಲಿಸುವ ಕ್ರಮದ ಕಡೆ ನಾವು ಹೆಚ್ಚು ಗಮನ ಕೊಡಬೇಕು, ಏಕೆಂದರೆ ನಮ್ಮ ಕಾರುಗಳು ದಿನದ ಇಪ್ಪತ್ತೆರಡು ತಾಸು ನಿಂತೇ ಇರುತ್ತವೆ.

ಭಟ್ಕಳ–ಕುಮಟೆ ಲೆಕ್ಕ

ಭಟ್ಕಳದಿಂದ ಹೊನ್ನಾವರಕ್ಕೆ ಸುಮಾರು 40 ಕಿಲೋಮೀಟರು, ಅಲ್ಲಿಂದ ಕುಮಟೆಗೆ 20. ದಿನಾ ಭಟ್ಕಳದಿಂದ ಕುಮಟೆಗೆ ಹೋಗಿ ಬರುವವರಿಗೆ 120. ಯೂನಿಟ್ಟಿಗೆ ಏಳೂವರೆ ಕಿಲೋಮೀಟರು ಹಿಡಿದರೆ 16 ಯೂನಿಟ್. 40 ಯೂನಿಟ್ಟಿನ ಬ್ಯಾಟರಿಯ ಕಾರು ಬೆಳಿಗ್ಗೆ 80ರಲ್ಲಿ ಹೊರಟರೆ ಸಂಜೆ 40ರಲ್ಲಿ ಮನೆ ಸೇರುತ್ತದೆ. ಹೆಚ್ಚಿನವರ ಓಡಾಟ ಇದರ ಅರ್ಧವೂ ಇರುವುದಿಲ್ಲ. ಹೀಗಿದ್ದೂ ದಿನಾ 100 ತುಂಬುವುದು ಎರಡು ಜನರ ಮನೆಯಲ್ಲಿ ಹತ್ತು ಜನಕ್ಕೆ ಅನ್ನ ಮಾಡಿದ ಹಾಗೆ.

ಮನೆಯ 15 ಆಂಪಿಯರ್ ಪ್ಲಗ್ಗಿನಿಂದ ತಾಸಿಗೆ ಎರಡೂವರೆಯಿಂದ ಮೂರು ಯೂನಿಟ್ ತುಂಬುತ್ತದೆ. 16 ಯೂನಿಟ್ಟಿಗೆ ಆರು ತಾಸು. ಸಂಜೆ ಮನೆಗೆ ಬಂದ ಕೂಡಲೇ ಕಾದ ಬ್ಯಾಟರಿಗೆ ಚಾರ್ಜು ಹಚ್ಚುವುದಕ್ಕಿಂತ, ಕಾರಿನಲ್ಲೇ ಇರುವ ಟೈಮರಿನಲ್ಲಿ ನಡುರಾತ್ರಿಗೆ ಶುರುವಾಗುವಂತೆ ಇಟ್ಟರೆ ಎರಡು ಲಾಭ. ಅಷ್ಟರಲ್ಲಿ ಬ್ಯಾಟರಿ ಸ್ವಲ್ಪ ಆರಿರುತ್ತದೆ, ಮತ್ತು ತುಂಬಿದ ಮೇಲೆ ಸುಮ್ಮನೆ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ. ಬೆಂಗಳೂರಿಗೆ ಹೋಗುವುದಿದೆಯೆ? ಧಾರಾಳವಾಗಿ 100 ತುಂಬಿ, ಹೊರಡುವ ಹೊತ್ತಿಗೆ ತುಂಬುವಂತೆ ನೋಡಿಕೊಳ್ಳಿ.

ಹೆದ್ದಾರಿಯ ಫಾಸ್ಟ್ ಚಾರ್ಜರಿನ ಬಗ್ಗೆ ಇರುವ ಭಯ ಅರ್ಧ ನಿಜ. ತಾರಿಯಿಂದ ಜನ ಇಳಿಯುವ ವೇಗಕ್ಕೆ ದಡದ ಮನೆಗಳು ಅವರನ್ನು ಒಳಗೆ ಕರೆದುಕೊಳ್ಳಲಾಗದಿದ್ದರೆ ಅವರು ಮರಳಿನ ಮೇಲೇ ಬಿಡಾರ ಹೂಡುತ್ತಾರೆ. ಲಿಥಿಯಂ ಹಾಗೆ ಗ್ರಾಫೈಟಿನ ಹೊರಗೇ ಲೋಹವಾಗಿ ಕೂತರೆ ಕೆಟ್ಟದು. ಮೈ ಕೊರೆಯುವ ಚಳಿಯಲ್ಲಿ ಈ ಅಪಾಯ ಹೆಚ್ಚು, ನಮ್ಮ ಕರಾವಳಿಗೆ ಅದು ಇಲ್ಲ. ಕೋಶಗಳು ತುಂಬುತ್ತ ಬಂದಾಗಲೂ ಹೆಚ್ಚು, ಅದಕ್ಕೇ 80 ದಾಟಿದ ಮೇಲೆ ಕಾರು ತಾನಾಗಿಯೇ ವೇಗ ತಗ್ಗಿಸುತ್ತದೆ. ಪ್ರಯಾಣದಲ್ಲಿ ಬಳಸಿ, 80ಕ್ಕೆ ಕಳಚಿ ಹೊರಡಿ. ಮನೆಯಲ್ಲಿ ಪ್ಲಗ್ಗು ಇರುವಾಗ ದಿನಾ ಫಾಸ್ಟ್ ಚಾರ್ಜರಿಗೇ ಮೊರೆಹೋಗುವುದು ಬೇಡ.

ಕಬ್ಬಿಣದ ಜಾತಿ

ಇಲ್ಲಿಗೆ ಒಂದು ತೊಡಕು ಬರುತ್ತದೆ. ನಮ್ಮ ರಸ್ತೆಯ ಅನೇಕ ಕಾರುಗಳಲ್ಲಿ, ಟಾಟಾ ನೆಕ್ಸಾನ್, ಟಿಯಾಗೊಗಳಲ್ಲಿ, ಆಚೆ ದಡ ನಿಕಲ್ಲಿನದಲ್ಲ, ಕಬ್ಬಿಣ ಮತ್ತು ಫಾಸ್ಫೇಟಿನದು. ಎಲ್‌ಎಫ್‌ಪಿ ಎಂದು ಕರೆಯುವುದು ಇದನ್ನೇ. ಇದನ್ನು ಲೋಕಕ್ಕೆ ತಿಳಿಸಿದ 1997ರ ಪ್ರಬಂಧದ ಮೇಲೆ ಮೂರು ಹೆಸರುಗಳಿವೆ. ಗುಡ್‌ಇನಫ್ ಜೊತೆಗೆ ಅಕ್ಷಯ ಪಾಧಿ ಮತ್ತು ಕೆ. ಎಸ್. ನಂಜುಂಡಸ್ವಾಮಿ. ಟೆಕ್ಸಾಸಿನ ಪ್ರಯೋಗಾಲಯದ ಕೆಲಸದ ಮೇಲೆ ನಂಜುಂಡಸ್ವಾಮಿ ಎಂಬ ಹೆಸರನ್ನು ಮೊದಲ ಸಲ ಓದಿದ ದಿನ ನನಗೆ ಬಹಳ ಸಂತೋಷವಾಗಿತ್ತು.

ಈ ಜಾತಿಯ ಸೆಳೆತ ಸೌಮ್ಯ, 3.2 ವೋಲ್ಟಿನ ಆಸುಪಾಸು. ಆಯುಸ್ಸು ಹೆಚ್ಚು. ಆದರೆ ಅದರ ವೋಲ್ಟೇಜು ಸಾಣಿಕಟ್ಟೆಯ ಉಪ್ಪಿನ ಆಗರದಂತೆ ಸಮತಟ್ಟು. 70ರಲ್ಲೂ 40ರಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಎಷ್ಟು ಉಳಿದಿದೆ ಎಂದು ಕಾರಿನ ಒಳಗಿನ ಲೆಕ್ಕಿಗನಿಗೆ ತಿಳಿಯುವುದು ಕಷ್ಟ. ಹೋದದ್ದು ಬಂದದ್ದನ್ನು ಕೂಡಿ ಕಳೆದು ಅಂದಾಜು ಮಾಡುತ್ತಾನೆ, ತಿಂಗಳಾದಂತೆ ಅಂದಾಜು ತಪ್ಪುತ್ತದೆ. 100 ಮುಟ್ಟಿದಾಗ ಮಾತ್ರ ವೋಲ್ಟೇಜು ಥಟ್ಟನೆ ಏರುತ್ತದೆ, ಲೆಕ್ಕಿಗ ತನ್ನ ಪುಸ್ತಕ ತಿದ್ದಿಕೊಳ್ಳುತ್ತಾನೆ, ಹಿಂದುಮುಂದಾದ ಕೋಶಗಳನ್ನು ಸಮ ಮಾಡುತ್ತಾನೆ. ಇಂಥ ಕಾರುಗಳಿಗೆ ಆಗಾಗ ನಿಧಾನದ ಚಾರ್ಜರಿನಲ್ಲಿ ಪೂರ್ತಿ ತುಂಬಿ ಎನ್ನುವುದು ಅದಕ್ಕೆ. ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಎಂಬುದನ್ನು ಕಾರಿನ ಕೈಪಿಡಿ ನೋಡಿ ಪಾಲಿಸಿ. ತುಂಬಿ ನಿಲ್ಲುವುದು ಈ ಜಾತಿಗೂ ಹಿತವಲ್ಲ, ಪೆಟ್ಟು ಮಾತ್ರ ಕಡಿಮೆ. ಪೂರ್ತಿ ತುಂಬಿದ ದಿನ ಓಡಾಟವೂ ಇರುವಂತೆ ನೋಡಿಕೊಂಡರೆ ಆಯಿತು.

1819 ಅಡಿ

ಲಿಂಗನಮಕ್ಕಿ ಅಣೆಕಟ್ಟೆಯ ಪೂರ್ಣ ಮಟ್ಟ 1819 ಅಡಿ ಎಂಬುದು ಹೊನ್ನಾವರ ತಾಲೂಕಿನ ಹೊಳೆಬದಿಯ ಮಕ್ಕಳಿಗೂ ಗೊತ್ತು. ಆಗಸ್ಟಿನಲ್ಲಿ ನೀರು ಆ ಗೆರೆಯ ಹತ್ತಿರ ಬಂದರೆ ಗೇರುಸೊಪ್ಪೆಯಿಂದ ಕೆಳಗಿನ ಊರುಗಳಿಗೆ ಎಚ್ಚರಿಕೆ ಬರುತ್ತದೆ. ತುಂಬಿದ ಕಟ್ಟೆಗೆ ಮತ್ತೆ ಮಳೆ ಬಂದರೆ ಇಟ್ಟುಕೊಳ್ಳಲು ಜಾಗವಿಲ್ಲ, ಬಾಗಿಲು ತೆರೆದು ಬಿಡಲೇಬೇಕು.

ಶಿರಸಿಯಲ್ಲಿ ರಾತ್ರಿ ತಂಗಿ, 100 ತುಂಬಿಸಿಕೊಂಡು ದೇವಿಮನೆ ಘಟ್ಟ ಇಳಿಯುವ ಕಾರಿನ ಗತಿಯೂ ಇದೇ. ಇಳಿಜಾರಿನಲ್ಲಿ ಎಲೆಕ್ಟ್ರಿಕ್ ಕಾರಿನ ಮೋಟರು ಉಲ್ಟಾ ಕೆಲಸ ಮಾಡಿ, ಚಕ್ರವನ್ನು ಹಿಡಿದು ನಿಧಾನಿಸುತ್ತ ಬ್ಯಾಟರಿಗೆ ಕರೆಂಟು ಮರಳಿಸುತ್ತದೆ. ರೀಜೆನ್ ಎಂದು ಚಾಲಕರು ಹೇಳುವ ಇದಕ್ಕೆ 'ಮರಳಿಕೆ ಬ್ರೇಕು' ಎನ್ನಬಹುದು. ಜನರನ್ನೂ ಸೇರಿಸಿ 1700 ಕಿಲೋ ತೂಗುವ ಕಾರು 500 ಮೀಟರು ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಎರಡು ಯೂನಿಟ್ಟಿಗೂ ಮಿಕ್ಕಿ. ಚಕ್ರ, ಗಾಳಿಯ ತಡೆಗೆ ಹೋಗಿ ಸುಮಾರು ಅರ್ಧ ನಮಗೆ ದಕ್ಕುತ್ತದೆ. ಬ್ಯಾಟರಿ 1819ರಲ್ಲೇ ಇದ್ದರೆ ಅದನ್ನು ಹಾಕುವುದೆಲ್ಲಿ? ಕಾರು ಮರಳಿಕೆ ಬ್ರೇಕನ್ನು ತಗ್ಗಿಸುತ್ತದೆ ಇಲ್ಲವೇ ನಿಲ್ಲಿಸುತ್ತದೆ. ಕಾಲು ತೆಗೆದರೆ ತಾನೇ ನಿಧಾನವಾಗುತ್ತಿದ್ದ ಕಾರು ಅಂದು ಜಾರತೊಡಗುತ್ತದೆ, ತಿರುವು ತಿರುವಿಗೂ ಮಾಮೂಲಿ ಬ್ರೇಕನ್ನೇ ಒತ್ತಬೇಕು. ಒಂದು ಸಲ ಹಾಗೆ ಇಳಿದು ಬೆವರಿದ್ದೇನೆ. ಈಗ ಘಟ್ಟದ ಮೇಲೆ 80ಕ್ಕೆ ನಿಲ್ಲಿಸುತ್ತೇನೆ. ಘಟ್ಟದ ಬುಡದ ಕತಗಾಲ ಮುಟ್ಟುವಷ್ಟರಲ್ಲಿ ಗೇಜಿನ ಅಂಕಿ ಘಟ್ಟದ ತಲೆಯಲ್ಲಿ ಇದ್ದದ್ದಕ್ಕಿಂತ ಮೂರು ಹೆಚ್ಚಿರುತ್ತದೆ.

ಬೀಗದ ಮನೆಯ ಕಾರು

ಭಟ್ಕಳದ ಶೆಡ್ಡಿಗೆ ಮರಳೋಣ. ಎಂಟು ತಿಂಗಳು ನಿಲ್ಲುವ ಕಾರಿಗೆ ಅರ್ಧ ಹೊಟ್ಟೆ ಸರಿ, 50ರ ಆಸುಪಾಸು. ಎರಡೂ ದಡದಲ್ಲಿ ಸಮಾಧಾನ. ತೀರ 5ಕ್ಕೆ ಇಳಿಸಿ ಬಿಟ್ಟು ಹೋಗುವುದೂ ಅಪಾಯ. ತಾನಾಗಿ ಸೋರುತ್ತ ತಳ ಮುಟ್ಟಿದರೆ ಕೋಶದೊಳಗಿನ ತಾಮ್ರವೇ ಕರಗತೊಡಗುತ್ತದೆ, ಆಮೇಲೆ ರಿಪೇರಿ ಇಲ್ಲ.

ಇಷ್ಟು ಹೇಳಿ ಅವನ ಇನ್ವರ್ಟರಿನ ಪ್ರಶ್ನೆಗೆ ಉತ್ತರ ಕೊಡಲು ಬಾನೆಟ್ ಎತ್ತಿಸಿದೆ. ಅಲ್ಲಿತ್ತು ಇನ್ನೊಂದು ಬ್ಯಾಟರಿ, ಪೆಟ್ರೋಲ್ ಕಾರಿನಲ್ಲಿ ಇರುವಂಥದ್ದೇ, 12 ವೋಲ್ಟಿನ ಸೀಸದ ಪೆಟ್ಟಿಗೆ. ಬಾಗಿಲ ಬೀಗ, ದೀಪ, ಕಾರಿನ ಕಂಪ್ಯೂಟರು ನಡೆಯುವುದು ಇದರಿಂದ. ಕಾರು ಮಲಗಿದ್ದರೂ ಇದು ಹನಿಹನಿಯಾಗಿ ಖಾಲಿಯಾಗುತ್ತದೆ, ಮತ್ತು ಖಾಲಿ ನಿಂತರೆ ಇನ್ವರ್ಟರಿನ ಹಾಗೆ ಕಲ್ಲುಗಟ್ಟುತ್ತದೆ. ತುಂಬಿರಲೇಬೇಕಾದದ್ದು ಬಾನೆಟ್ಟಿನ ಕೆಳಗೆ, ತುಂಬಿರಬಾರದ್ದು ಸೀಟಿನ ಕೆಳಗೆ. ಅವನು ಎರಡನ್ನೂ ನೋಡಿ, ಚಾರ್ಜರ್ ಕಳಚಿ, "ಹಾಗಾದ್ರೆ ಈಗ 96 ಆಗಿದ್ದನ್ನು ಕರಗಿಸೋದು ಹೇಗೆ?" ಎಂದ.

ಮನೆಯವರನ್ನೆಲ್ಲ ಹತ್ತಿಸಿಕೊಂಡು ಸಂಜೆ ಮುರ್ಡೇಶ್ವರ ದಾಟಿ ಅಪ್ಸರಕೊಂಡದವರೆಗೆ ಹೋಗಿಬಂದೆವು, ಎ.ಸಿ. ಜೋರಾಗಿ ಹಾಕಿಕೊಂಡು. ರಾತ್ರಿ ಮನೆಗೆ ಬಂದಾಗ 58. ಸಾಕು ಎಂದೆ. ಕಾರನ್ನು ತಗಡಿನ ಶೆಡ್ಡಿನಿಂದ ಹೊರತೆಗೆದು ಮನೆಯ ಉತ್ತರ ಬದಿಯ ಹಂಚಿನ ಮಾಡಿನ ಕೆಳಗೆ ನಿಲ್ಲಿಸಿದೆವು. ಕೀಲಿಕೈಯನ್ನು ಪಕ್ಕದ ಮನೆಯ ಅವನ ಚಿಕ್ಕಪ್ಪನಿಗೆ ಕೊಟ್ಟು, ಎರಡು ವಾರಕ್ಕೊಮ್ಮೆ ಅರ್ಧ ತಾಸು ಕಾರು ಆನ್ ಮಾಡಿಡಬೇಕು, ಆಗ ದೊಡ್ಡ ಬ್ಯಾಟರಿ ಚಿಕ್ಕದಕ್ಕೆ ಉಣಿಸುತ್ತದೆ ಎಂದು ತಿಳಿಸಿ ಹೇಳಿದೆವು. ಗೇಜು 30ಕ್ಕೆ ಇಳಿದರೆ ಒಂದು ರಾತ್ರಿ ಪ್ಲಗ್ಗಿಗೆ ಹಾಕಿ ಮತ್ತೆ 50 ಮಾಡಬೇಕೆಂದೂ.

ಚಿಕ್ಕಪ್ಪ ಕ್ಯಾಲೆಂಡರಿನಲ್ಲಿ ಎರಡು ವಾರಕ್ಕೊಂದು ಶುಕ್ರವಾರಕ್ಕೆ ಗುರುತು ಹಾಕಿಕೊಂಡರು. ಅಕ್ಟೋಬರಿನಲ್ಲಿ ನಾನು ಹೋದಾಗ ಕ್ಯಾಲೆಂಡರಿನ ಒಂದೊಂದು ಗುರುತಿನ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಬರೆದ ಅಂಕಿಗಳಿದ್ದವು: 57, 56, 55, 55, 53…